ಅತ್ತೆಯವರ ತವರಿನಿಂದ ಬಂದ ಆರೈಕೆ

ನಮ್ಮ ಬಾಗಲಕೋಟೆ ಕಡೆ ಹೊಸಬರನ್ನು ಮೊದಲು ಹೆಸರು ಕೇಳುವುದಿಲ್ಲ, ಊರು ಕೇಳುತ್ತಾರೆ. ಊರು ಗೊತ್ತಾದರೆ ಓಣಿ, ಓಣಿಯಿಂದ ಮನೆತನ, ಅಲ್ಲಿಂದ ಯಾರೋ ಒಬ್ಬ ಸೋದರಮಾವ ಸಿಕ್ಕೇ ಸಿಗುತ್ತಾನೆ. ಕಾನ್ವೆಂಟಿನಲ್ಲಿ ಓದಿದ ನನಗೆ ಮಾತ್ರ, ಪರಿಚಯವಿಲ್ಲದವರ ಊರು-ಕೇರಿ ಕೆದಕುವುದು ಅಸಭ್ಯತನ ಎಂದು ಸಿಸ್ಟರು ಕಲಿಸಿಬಿಟ್ಟಿದ್ದರು. ಹಾಗಾಗಿ ಅತ್ತೆಯವರನ್ನು ನೋಡಿಕೊಳ್ಳಲು ಶಾಂತವ್ವನನ್ನು ಗೊತ್ತುಮಾಡುವಾಗ ಅನುಭವ ಕೇಳಿದೆ, ಆರೋಗ್ಯ ಕೇಳಿದೆ, ಊರು ಕೇಳಲಿಲ್ಲ. ಆ ಸಭ್ಯತನದ ಫಲವನ್ನು ಎರಡು ತಿಂಗಳು ಉಂಡೆ.

ಅತ್ತೆಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದು, ಆಪರೇಷನ್ ಆಗಿತ್ತು. ವಾಕರ್ ಹಿಡಿದು ದಿನಾ ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ನಾವು ಬಚ್ಚಲಿನ ನುಣುಪು ಕಲ್ಲು ತೆಗೆಸಿದೆವು, ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದೆವು. "ಸೀರಿ ಒಣಗ ಹಾಕಾಕ ಚಲೋ ಆತು" ಎಂದರು ಅತ್ತೆ. ವಾಕರಿಗೆ ಎಲೆ-ಅಡಿಕೆಯ ಸಂಚಿ ನೇತುಹಾಕಿ ಮಂಚದ ಮಗ್ಗುಲಲ್ಲಿ ನಿಲ್ಲಿಸಿಕೊಂಡರು. ಮಗ ಕೈಮುಗಿದರೆ, "ನಡದ ಎಲ್ಲಿಗೆ ಹೋಗೂದೈತಿ ಹೇಳಪಾ ಈಗ?" ಎಂದು ಗೋಡೆಯ ಕಡೆ ಹೊರಳಿದರು. ಎಣ್ಣೆ ಹಚ್ಚುವಾಗ ಆ ಕಾಲು ದಿನದಿನಕ್ಕೆ ತೆಳ್ಳಗಾಗುತ್ತಿರುವುದು ನನ್ನ ಕೈಗೆ ತಿಳಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ನೀಲಿ ಕೋಟು ಹಾಕಿಕೊಂಡು ಶಾಂತವ್ವ ಬಂದಳು.

"ಯಾವೂರವಾ ನಿಂದು?" ಮಲಗಿದಲ್ಲಿಂದಲೇ ಅತ್ತೆ ಕೇಳಿದರು.

"ಇಲ್ಲೇ ನವನಗರದಾಗ ಇರ್ತೇನ್ರಿ ಆಯಿ. ತವರಮನಿ ಮರೋಳ್ರಿ."

ಅತ್ತೆಯವರ ತವರೂ ಮರೋಳವೇ. ಅವರು ತಾವಾಗಿಯೇ ಎದ್ದು ಕೂತರು. ಶಾಂತವ್ವನ ಅಜ್ಜಿಯ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ ಎಂಬುದು ಹೊರಬೀಳಲು ಬಹಳ ಹೊತ್ತು ಬೇಕಾಗಲಿಲ್ಲ. ಅವಳು ಎಣ್ಣೆ ಬಾಟಲಿಗೆ ಕೈ ಹಾಕುತ್ತಲೇ ಅತ್ತೆ ಕಾಲು ಎಳೆದುಕೊಂಡರು. "ತವರಿಂದ ಬಂದ ಹೆಣ್ಣಮಗಳ ಕಡೆ ಕಾಲ ತಿಕ್ಕಿಸ್ಕೊಳ್ಳೂದ?" ಆಮೇಲೆ ನನ್ನತ್ತ ತಿರುಗಿ, "ಹಂಗ ನಿಂತಿಯಲ್ಲ, ಆಕಿ ಕಾಲಿಗೆ ನೀರ ಕೊಡು. ಚಾ ಇಡು."

ಶಾಂತವ್ವ ಸೋಫಾದ ತುದಿಯಲ್ಲಿ, ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. "ಅಕ್ಕಾರ, ನಾ ಕೆಲಸಕ್ಕ ಬಂದೇನ್ರಿ" ಎಂದು ಮೆಲ್ಲಗೆ ಉಸುರಿದಳು. "ಅದನ್ನ ಅವರಿಗೇ ಹೋಗಿ ಹೇಳು" ಎಂದೆ. ಹೇಳಲು ಒಳಗೆ ಹೋದವಳು ಸೆರಗಿನಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ ಹೊತ್ತು ಹೊರಗೆ ಬಂದಳು. ಅತ್ತೆ ಕೂತಲ್ಲೇ ಉಡಿ ತುಂಬಿಬಿಟ್ಟಿದ್ದರು. ಮರುದಿನ ಅವಳ ನೀಲಿ ಕೋಟಿಗೆ ಇಸ್ತ್ರಿ ಮಾಡಿದ್ದೂ ನಾನೇ. ಮುದುಡಿದ ಕೋಟಿನಲ್ಲಿ ಕಳಿಸಿದರೆ ಮರೋಳದಲ್ಲಿ ಅತ್ತೆಯ ಮಾನ ಏನಾದೀತು? ಆರೈಕೆಯೇನೋ ನಮ್ಮ ಮನೆಯಲ್ಲಿ ನಡೆದಿತ್ತು, ಯಾರಿಗೆ ಎಂಬುದು ಮಾತ್ರ ಅದಲುಬದಲಾಗಿತ್ತು.

ಈಕೆ ಬೇಡ, ಬೇರೆ ಯಾರನ್ನಾದರೂ ನೋಡೋಣ ಎಂದು ನಮ್ಮನೆಯವರಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಶಾಂತವ್ವ ನಾನು ಮಾಡಿಕೊಟ್ಟ ಚಹಾವನ್ನು ಅರ್ಧ ಕುಡಿದು ಕಪ್ಪು ಕೆಳಗಿಟ್ಟಳು. ಅತ್ತೆ ಅದನ್ನು ನೋಡಿದರು. "ನಮ್ಮೂರ ಮಂದಿಗೆ ಪಾತ್ರಿ ತೊಳದ ನೀರ ಕೊಡ್ತಿಯೇನ?" ಸಂಚಿಯನ್ನು ವಾಕರಿನಿಂದ ಬಿಚ್ಚಿ ಹಾಸಿಗೆಗೆ ಎಸೆದರು. ಎದ್ದು ನಿಂತರು. ಟಕ್, ಟಕ್ ಎನ್ನುತ್ತ ಅಡುಗೆಮನೆಗೆ ಹೊರಟೇಬಿಟ್ಟರು. ಹಿಂದೆ ಎರಡೂ ಕೈ ಚಾಚಿಕೊಂಡು ಶಾಂತವ್ವ. ಹೊಗಳಿದರೆ ಎಲ್ಲಿ ಕೂತುಬಿಡುತ್ತಾರೋ ಎಂದು ಹೆದರಿ ನಾನು ಮುಖ ಸಣ್ಣದು ಮಾಡಿಕೊಂಡು ನಿಂತೆ.

ಅಂದಿನಿಂದ ಅಡುಗೆ ಕೆಡಿಸುವುದೇ ನನ್ನ ಪಾಲಿನ ವೈದ್ಯಸೇವೆಯಾಯಿತು. ಬೆಳಿಗ್ಗೆ ಉಪ್ಪಿಲ್ಲದ ಚುರುಮುರಿ ಸೂಸಲ, ಮಧ್ಯಾಹ್ನ ಚಿವುಟಿದರೂ ಹರಿಯದ ರೊಟ್ಟಿ, ಸಂಜೆ ಸಕ್ಕರೆಯಿಲ್ಲದ ಚಹಾ. ಒಂದೊಂದಕ್ಕೂ ಅತ್ತೆ ಬೈಯುತ್ತ ಎದ್ದು ಬರುತ್ತಿದ್ದರು, ಶಾಂತವ್ವ ಬೀಳದಂತೆ ಬೆನ್ನಿಗಿರುತ್ತಿದ್ದಳು. ಸುಳ್ಳು ಹೇಳುವುದು ಪಾಪ ಎಂದಿದ್ದ ಸಿಸ್ಟರು ಸಕ್ಕರೆ ಮರೆಯುವುದರ ಬಗ್ಗೆ ಏನೂ ಹೇಳಿರಲಿಲ್ಲ.

ಎರಡು ತಿಂಗಳಾದ ಮೇಲೆ ಡಾಕ್ಟರು ಅತ್ತೆಯವರನ್ನು ನಡೆಸಿ ನೋಡಿ, ವಾಕರ್ ಬಿಡಿಸಿ, ಇನ್ನು ಕೋಲು ಸಾಕು ಎಂದರು. "ಏನ್ ವ್ಯಾಯಾಮ ಮಾಡಿಸಿದ್ರಿ?" ಎಂದು ಶಾಂತವ್ವನನ್ನು ಕೇಳಿದರು.

ಅವಳ ಕೊನೆಯ ದಿನ ನನಗೂ ಸ್ವಲ್ಪ ಸ್ವಾಭಿಮಾನ ಉಕ್ಕಿತು. ಈ ಮನೆಯ ಸೊಸೆಯ ನಿಜವಾದ ಕೈರುಚಿ ಅವಳಿಗೆ ಗೊತ್ತಾಗಿಯೇ ಹೋಗಲಿ ಎಂದು ಗಟ್ಟಿ ಹಾಲು, ಜಜ್ಜಿದ ಶುಂಠಿ, ಏಲಕ್ಕಿ ಹಾಕಿ, ನನ್ನ ತವರೂರು ಬಾದಾಮಿಯಲ್ಲಿ ನಮ್ಮಮ್ಮ ಮಾಡುತ್ತಿದ್ದ ಹಾಗೆಯೇ ಮನಸ್ಸಿಟ್ಟು ಚಹಾ ಮಾಡಿದೆ. ಶಾಂತವ್ವ ಅರ್ಧ ಕುಡಿದು, ಬಹಳ ಮರ್ಯಾದೆಯಿಂದ ಕಪ್ಪು ಕೆಳಗಿಟ್ಟಳು. ಅತ್ತೆ ಒಂದು ಗುಟುಕು ಹೀರಿ, ಕಿಟಕಿಯ ಕಡೆ ನೋಡಿ, ಕೋಲಿಗೆ ಕೈ ಹಾಕಿದರು.

"ಕುಂದ್ರ ಯವ್ವಾ ಶಾಂತಾ. ದಿನಾ ಇದ್ದದ್ದ ಇದು. ನಾ ಮಾಡ್ಕೊಂಡ ಬರ್ತೇನಿ."

ನಾನು ಇಷ್ಟು ದಿನ ಬೇಕೆಂದೇ ಕೆಡಿಸುತ್ತಿದ್ದೆ ಎಂಬುದು ಆ ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲೇ ಇಲ್ಲ.