ಗಂಜಿ ಮೇಲಿದ್ದ ಕಂಪ್ಯೂಟರ್

ಒಂದು ಪಂಪ್‌ಸೆಟ್ ಕಂಪನಿಯ ಏಜೆನ್ಸಿ, ಅದೂ ಹೊಸಪೇಟೆ, ಕಂಪ್ಲಿ, ಸಂಡೂರು ಮೂರೂ ಸೇರಿ. ಅದು ನನಗೆ ಬರಬೇಕೋ ಕಂಪ್ಲಿಯ ವ್ಯಾಪಾರಿಗೆ ಹೋಗಬೇಕೋ ಎಂಬುದು ಹೊಸಪೇಟೆಯ ನಮ್ಮ ಅಂಗಡಿಯ ಕಂಪ್ಯೂಟರ್ ಮೇಲೆ ನಿಂತಿತ್ತು. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಇಟ್ಟವರಿಗೇ ಏಜೆನ್ಸಿ ಅಂತ ಕಂಪನಿಯವರ ಷರತ್ತು. ತೊಂಬತ್ತರ ದಶಕ, ಇಬ್ಬರೂ ಒಂದೊಂದು ಮಷೀನು ತಂದು ಕೂಡಿಸಿದ್ದೆವು. ಅಂಗಡಿ ಇಟ್ಟವನಿಗೆ ಫಜೀತಿ ತಪ್ಪಿದ್ದಲ್ಲ: ಪಂಪು ಮಾರಿದ ದಿನ ಒಂದು, ಮಾರದ ದಿನ ಎರಡು. ಕಂಪ್ಯೂಟರ್ ಬಂದ ಮೇಲೆ ಎಣಿಸುವುದನ್ನೇ ಬಿಟ್ಟೆ.

ಪೂಜೆ

ನಮ್ಮ ಗುಮಾಸ್ತರು ನಾಮ ಹಚ್ಚಿಕೊಳ್ಳುವ ಹಿರಿಯರು. ಎಲ್ಲರೂ ಆಚಾರ್ರು ಅಂತಲೇ ಕರೆಯುತ್ತಿದ್ದರು. ಕಂಪ್ಯೂಟರ್ ಕಲಿತದ್ದೂ ಅವರೇ. ಆಯುಧಪೂಜೆಯ ದಿನ ತಕ್ಕಡಿ, ನಟ್ಟು ಬಿಗಿಯುವ ಪಾನ, ಪಂಪು ಎಲ್ಲದಕ್ಕೂ ಗಂಧ ಹಚ್ಚಿ ಕಂಪ್ಯೂಟರ್ ಹತ್ತಿರ ಬಂದರು. ಪರದೆ ಉರಿಯುತ್ತಿತ್ತು, ಒಳಗೆ ಲೆಕ್ಕ ನಡೆದಿತ್ತು. ಆಚಾರ್ರು ಹಿಂದೆ ಕೈ ಹಾಕಿ ಪ್ಲಗ್ ಕಿತ್ತೇಬಿಟ್ಟರು.

"ಹಂಗ ಕೀಳಬಾರದ್ರಿ ಆಚಾರ್ರ!" ಅಂದೆ.

"ಪೂಜಿ ಹೊತ್ತಿನಾಗ ಯಾವ ಮಷೀನೂ ಓಡಬಾರದ್ರಿ ಸಾವ್ಕಾರ್ರ. ಲಾರಿ ನಿಲ್ಲಸ್ತಾರ, ಗಿರಣಿ ನಿಲ್ಲಸ್ತಾರ. ಇದೇನು ಮ್ಯಾಲಿಂದ ಬಂದೈತೇನು?"

ಚೆಂಡುಹೂವಿನ ಹಾರ ಬಿತ್ತು, ಕಾಯಿ ಒಡೆಯಿತು. ಮರುದಿನ ಮಷೀನು ಚಾಲೂ ಆಗಲಿಲ್ಲ. ಕಪ್ಪು ಪರದೆ, ಅದರ ಮೇಲೆ ಒಂದು ಸಾಲು ಇಂಗ್ಲಿಷು, ಅಷ್ಟೇ. ಎಲ್ಲ ಗಿರಾಕಿಗಳ ಲೆಕ್ಕವೂ ಅದರ ಹೊಟ್ಟೆಯಲ್ಲಿ. ಕಂಪನಿಯ ಸಾಹೇಬರು ದೀಪಾವಳಿಯೊಳಗೆ ಯಾವತ್ತಾದರೂ ಬಂದು ನೋಡುವವರು.

ಆಚಾರ್ರು ನಿಶ್ಚಿಂತೆಯಿಂದ ಹೇಳಿದರು: "ಹಬ್ಬದ ಮರುದಿನ ನಮ್ಮ ಹಮಾಲರು ಬಂದಾರೇನ್ರಿ? ಇದೂ ರಜಾ ಹಾಕೇತಿ."

ಒತ್ತಿ ಹಿಡಿದವನು

ಬಳ್ಳಾರಿಯ ಮೆಕ್ಯಾನಿಕ್‌ಗೆ ಫೋನು ಹಚ್ಚಿದೆ. "ಸ್ವಿಚ್ ಹಾಕಿದ ಕೂಡಲೇ ಎಫ್ ಎಂಟು ಅನ್ನೋ ಬಟನ್ ಒತ್ರಿ. ಸೇಫ್ ಮೋಡ್‌ನಾಗ ಏಳ್ತದ. ತಡಾ ಆದ್ರ ಇಲ್ಲ," ಅಂದ.

ಫೋನು ಮುಂದಿನ ಗಲ್ಲಾದ ಮೇಲೆ, ಕಂಪ್ಯೂಟರ್ ಹಿಂದಿನ ಖೋಲಿಯಲ್ಲಿ. ನಡುಬಾಗಿಲಲ್ಲಿ ಗಾದಿಗನೂರಿನ ರೈತನೊಬ್ಬ, ಪೈಪಿನ ನೀರು ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಕೊಳ್ಳಲು ಬಂದು ನಿಂತಿದ್ದ. ಮೆಕ್ಯಾನಿಕ್ ನನಗೆ "ಈಗ" ಅನ್ನುವುದು, ನಾನು ರೈತನಿಗೆ "ಈಗ" ಅನ್ನುವುದು, ಅವನು ಆಚಾರ್ರಿಗೆ "ಈಗಂತ್ರೀ" ಅನ್ನುವುದು. ಅಷ್ಟರಲ್ಲಿ "ಈಗ" ಹೋಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಆಚಾರ್ರು ಕನ್ನಡಕ ಹಾಕದೆ ಬಟನ್ ಹುಡುಕುವುದು ಬೇರೆ.

ಕಡೆಗೆ ರೈತನಿಗೇ ತಾಳ್ಮೆ ತಪ್ಪಿತು. "ಆ ಕಡಿ ಸರೀರಿ ಆಚಾರ್ರ, ಪಂಪಿನ ಸ್ಟಾರ್ಟರ್ ಒತ್ತಿದಂಗ ಒತ್ತಬೇಕಿದನ್ನ," ಅಂದವನೇ ಒಳಗೆ ಹೋಗಿ, ಬಟನ್ ಯಾವುದೆಂದು ತಿಳಿದುಕೊಂಡು, ಒತ್ತಿ ಹಿಡಿದು ನಿಂತ. ಮಷೀನು ಎದ್ದೇಬಿಟ್ಟಿತು!

"ಇನ್ನ ಬಿಡೋ ಮಾರಾಯಾ," ಅಂದೆ.

"ಬಿಟ್ಟಕೂಡ್ಲೇ ನೀರು ಇಳದ್ರ ಏನ್ ಮಾಡ್ತೀರಿ?" ಅಂದ. ಚಹಾ ಬಂತು. ಎಡಗೈಯಲ್ಲಿ ಕುಡಿದ, ಬಲಗೈ ತೆಗೆಯಲಿಲ್ಲ.

ರೋಗಿ ಯಾರು

ಎದ್ದ ಮಷೀನು ಬೇರೆಯೇ ಕಂಡಿತು. ಬಣ್ಣ ಸಪ್ಪೆ, ಅಕ್ಷರ ದಪ್ಪ, ಪ್ರಿಂಟರ್ ಸತ್ತಂತೆ. ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ: "ಜ್ವರದಾಗಿಂದ ಎದ್ದವರಿಗೆ ಬರೇ ಗಂಜಿ ಕೊಡ್ತೀವಲ್ರಿ, ಹಂಗ. ಬೇಕಾದಷ್ಟೇ ನಡೀತದ. ಈಗ ತಪಾಸಣಿ ಮಾಡಿ, ಬಂದ್ ಮಾಡಿ, ಮತ್ತ ಸಾದಾ ಚಾಲೂ ಮಾಡ್ರಿ." ಹಾಗೇ ಮಾಡಿದೆವು. ಲೆಕ್ಕವೆಲ್ಲ ಸಿಕ್ಕಿತು, ಮಷೀನು ಗುಣವಾಯಿತು.

ಕೆಲವು ದಿನ ಬಿಟ್ಟು ಒಳಗೆ ಹೋಗಿ ನೋಡುತ್ತೇನೆ, ಮತ್ತೆ ಅದೇ ದಪ್ಪ ಅಕ್ಷರ.

"ಇನ್ನೂ ಗಂಜಿ ಮ್ಯಾಲೇ ಐತೇನ್ರಿ ಆಚಾರ್ರ ಇದು?"

"ಇಲ್ರಿ, ಭಾಳ ಆರಾಮೈತಿ. ನಾನೇ ಮುಂಜಾನೆದ್ದು ಆ ಬಟನ್ ಒತ್ತಿ ಹಿಂಗ ಮಾಡ್ತೀನಿ. ಆರಾಮಿದ್ದಾಗ ಅದರ ಅಕ್ಷರ ಸಾಸಿವಿಕಾಳು ಇದ್ದಂಗ ಇರ್ತಾವ್ರಿ."

"ಕನ್ನಡಕ ಹಾಕ್ಕೊಳ್ರಿ ಮತ್ತ!"

"ನನಗ್ಯಾಕ್ರಿ ಕನ್ನಡಕ? ನನ್ನ ಕಣ್ಣು ಚಲೋ ಅದಾವು."

ತನಗೆ ಕಾಣುವುದಿಲ್ಲ ಅನ್ನುವ ಬದಲು ಮಷೀನನ್ನೇ ದಿನಾ ರೋಗಿ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾಹೇಬರು

ಕಂಪನಿಯ ಸಾಹೇಬರು ಹೇಳದೆ ಕೇಳದೆ ಬಂದರು, ನೇರ ಕಂಪ್ಲಿಯಿಂದ. "ಅವರ ಮಷೀನು ಮಸ್ತ್ ಐತ್ರಿ. ಹೊಸಾದು, ಬಣ್ಣ ಬಣ್ಣದ್ದು," ಅಂದರು. ಹೊಗಳಿದರೂ ಮುಖ ಹುಳ್ಳಗೆ. ನಮ್ಮದು ಒಳಗೆ ಗಂಜಿ ಕುಡಿಯುತ್ತ ಕೂತಿತ್ತು. ಸಾದಾ ಚಾಲೂ ಮಾಡ್ರಿ ಅಂತ ಆಚಾರ್ರಿಗೆ ಕಣ್ಣುಸನ್ನೆ ಮಾಡಿದೆ. ಆ ಕಣ್ಣಿಗೆ ಸನ್ನೆ ಎಲ್ಲಿ ಕಾಣಬೇಕು!

"ಸಂಡೂರಿನ ಗಿರಾಕಿಗಳನ್ನ ತೋರಸ್ರಿ," ಅಂದ ಸಾಹೇಬರು ಪರದೆಗೆ ಮೂಗು ಹಚ್ಚುವಷ್ಟು ಬಾಗಿದರು. ಆಮೇಲೆ ನಿಧಾನಕ್ಕೆ ಹಿಂದೆ ಸರಿದು ಆರಾಮಾಗಿ ಕೂತರು. ಒಂದೊಂದೇ ಹೆಸರನ್ನು ಶಾಲೆ ಹುಡುಗರ ಹಾಗೆ ಗಟ್ಟಿಯಾಗಿ ಓದತೊಡಗಿದರು. ಮುಖ ಅರಳಿತು. ಅವರ ಕನ್ನಡಕ ಅಂಗಿಯ ಜೇಬಿನಲ್ಲೇ ಇದ್ದದ್ದನ್ನು ನಾನು ಆಗಲೇ ನೋಡಿಕೊಂಡೆ.

"ಮಸ್ತ್ ಐತಿ. ಒಂದು ಪ್ರಿಂಟ್ ಕೊಡ್ರಿ ಇದರದ್ದು," ಅಂದರು.

ಮುಗಿಯಿತು ಅಂದುಕೊಂಡೆ. ಗಂಜಿ ಮೇಲಿದ್ದಾಗ ಪ್ರಿಂಟರ್ ನಡೆಯುವುದಿಲ್ಲ. ಆಚಾರ್ರು ಕೈ ಮುಗಿದು ಭಾಳ ಭಕ್ತಿಯಿಂದ ಹೇಳಿದರು: "ಪರದೆ ಮ್ಯಾಲಿಂದು ಕಾಣಲಾರದವರಿಗೆ ಪ್ರಿಂಟ್ ಕೊಡ್ತೀವ್ರಿ ಸಾಹೇಬ್ರ. ನಿಮಗೂ ಬೇಕೇನ್ರಿ?"

ಸಾಹೇಬರ ಕೈ ಜೇಬಿನ ತನಕ ಹೋಗಿ ತಿರುಗಿ ಬಂತು. "ಛೇ ಛೇ, ನನಗ್ಯಾಕ್ರಿ!" ಅಂದರು. ಅಲ್ಲೇ ಏಜೆನ್ಸಿ ಕಾಗದ ತೆಗೆದು ಸಹಿ ಹಾಕಿದರು. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವನು ನಾನೇ.

ಮುಂದಿನ ವಾರ ಕಂಪ್ಲಿಯ ವ್ಯಾಪಾರಿ ಬಂದ. "ನನ್ನ ಮಷೀನು ನಿಮ್ಮದಕ್ಕಿಂತ ಚಲೋ ಐತಿ. ಪ್ರಿಂಟೂ ಹೊಡೀತೈತಿ. ನೀವು ಅಂಥಾದ್ದು ಏನು ತೋರಿಸಿದ್ರಿ?" ಅಂದ.

"ಕಡಿಮಿ ತೋರಿಸಿದ್ವಿ, ದೊಡ್ಡದಾಗಿ ತೋರಿಸಿದ್ವಿ," ಅಂದೆ.

ಒಟ್ಟು ಲಾಭ ಇಷ್ಟು: ನನಗೆ ಮೂರು ಊರಿನ ಏಜೆನ್ಸಿ, ಆಚಾರ್ರಿಗೆ ಒಂದು ಜೋಡಿ ಧೋತರ. ಮೇಲೆ ಒಬ್ಬ ಹೊಸ ಗಿರಾಕಿ. ಆ ಕಂಪನಿಯ ಪಂಪು ಬೇಕಾದರೆ ಕಂಪ್ಲಿಯವನು ಇನ್ನು ನನ್ನ ಹತ್ತಿರವೇ ಕೊಳ್ಳಬೇಕಲ್ಲ!