ಮದುಮಗನ ಕಾರಿಗೆ ಲಾಂಚಿನ ಇಂಜಿನ್

ಮುಂಬಯಿಯಲ್ಲಿ ವಿಮಾನದ ಇಂಜಿನ್ ಹಾಕಿದ ಕಾರು ಓಡಿಸಿದವನು ನಾನೊಬ್ಬನೇ. ಇದು ಸುಳ್ಳು. ಇಂಜಿನ್ ವಿಮಾನದ್ದಲ್ಲ, ಕಾರು ನನ್ನದಲ್ಲ, ಓಡಿಸಿದ್ದೂ ನಾನಲ್ಲ. ಮುಂಬಯಿ ಎಂದದ್ದು ಮಾತ್ರ ನಿಜ. ಆದರೆ ಹಳೆಯ ಕಾರಿಗೆ ಹೊಸ ಜೀವ ತುಂಬಬೇಕೆಂದು ಯಾರಾದರೂ ಹೊರಟರೆ ನಾನು ಹೇಗೋ ಅಲ್ಲಿ ಹಾಜರಿರುತ್ತೇನೆ, ಮತ್ತೆ ಏನಾದರೊಂದು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ಚೆಂಬೂರಿನ ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಕೌಂಟರು ಕಾಯುತ್ತಿದ್ದವನಿಗೆ ಬೇರೆ ಗತಿಯೂ ಇರಲಿಲ್ಲ. ಬೆಲ್ಟು, ಬೇರಿಂಗು ಮಾರುತ್ತಿದ್ದೆ; ಸಲಹೆ ಧರ್ಮಕ್ಕೆ ಕೊಡುತ್ತಿದ್ದೆ. ಬೆಲ್ಟು, ಬೇರಿಂಗಿನ ಬಗ್ಗೆ ಯಾರೂ ದೂರಿದ್ದಿಲ್ಲ.

ಸೋದರಮಾವ ತಳ್ಳಿದ್ದು

ಅಂಗಡಿಯ ಎದುರಿಗೇ ಒಂದು ಉಡುಪಿ ಹೋಟೆಲು. ಅದರ ಧಣಿ ನಮ್ಮ ಊರ ಕಡೆಯವರು. ಅವರಲ್ಲಿ ಒಂದು ವಿಲಾಯತಿ ಕಾರಿತ್ತು. ಬೀರುವಿನಷ್ಟು ದೊಡ್ಡ ಮೈ, ಹೊಲಿಗೆ ಯಂತ್ರದಷ್ಟು ಇಂಜಿನ್. ಸಪಾಟು ರಸ್ತೆಯಲ್ಲಿ ರಾಜನ ಹಾಗೆ ಹೋಗುತ್ತಿತ್ತು. ಏರು ಕಂಡಲ್ಲಿ ಕೂತುಬಿಡುತ್ತಿತ್ತು.

ಧಣಿಯ ಮಗಳಿಗೆ ವಡಾಲದ ಹುಡುಗನೊಬ್ಬ ನಿಕ್ಕಿಯಾದ. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರನ್ನು ತಮ್ಮ ಕಾರಿನಲ್ಲೇ ಚೆಂಬೂರಿಗೆ ಕರೆತರುವ ಹುಮ್ಮಸ್ಸು ಧಣಿಗೆ. ನಡುವೆ ರೈಲ್ವೆಯ ಮೇಲಿನ ಸೇತುವೆ. ಅದರ ಅರ್ಧ ಏರಿನಲ್ಲಿ ಕಾರು ಒಮ್ಮೆ ಕೆಮ್ಮಿ ನಿಂತಿತು. ಇಳಿದು ತಳ್ಳಿದವರು ಹುಡುಗನ ಸೋದರಮಾವ, ಬೊರಿವಲಿಯವರು, ಮೀಸೆ ಮತ್ತು ಜರಿ ಶಾಲಿನ ಆಸಾಮಿ. ಆಮೇಲೆ ಹರಿವಾಣದಲ್ಲಿ ತಾಂಬೂಲ ಬದಲಾಯಿಸುವಾಗ ಎಲೆಗಳ ಮೇಲೆ ಅವರ ಐದೂ ಬೆರಳಿನ ಕಪ್ಪು ಗುರುತು ಮೂಡಿತು.

ಹೊರಡುವಾಗ ಅವರು ನಗುನಗುತ್ತಲೇ ಹೇಳಿದರು: “ಮದುವೆಯ ದಿನವೂ ಹುಡುಗ ನಿಮ್ಮ ಕಾರಿನಲ್ಲೇ ಬರಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಅವತ್ತೂ ತಳ್ಳುವ ಕೆಲಸ ನನಗೇ ಬಂದರೆ, ಹಾಗೆಯೇ ತಳ್ಳಿಕೊಂಡು ಸೀದಾ ಬೊರಿವಲಿಗೆ ಹೋಗುತ್ತೇನೆ. ಹುಡುಗನ ಸಮೇತ.”

ಅವರ ಕಣ್ಣು ಮಾತ್ರ ನಗುತ್ತಿರಲಿಲ್ಲ. ಮಗಳು ಒಳಗೆ ಮುಖ ಸಣ್ಣ ಮಾಡಿ ಕೂತಳು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. “ಅಪ್ಪ, ಟ್ಯಾಕ್ಸಿ ಮಾಡಿ ಸಾಕು,” ಎಂದಳು.

“ಟ್ಯಾಕ್ಸಿ ಮಾಡಿದರೆ ನಮ್ಮ ಕಾರು ಏರು ಹತ್ತುವುದಿಲ್ಲ ಅಂತ ಅವರಿಗೆ ಗೊತ್ತಾಗುವುದಿಲ್ಲವಾ?” ಎಂದರು ಧಣಿ.

ತಳ್ಳಿದವರಿಗೇ ಅದು ಇನ್ನೂ ಗೊತ್ತಾಗಿಲ್ಲ ಎಂದು ಧಣಿ ನಂಬಿದ್ದರು.

ಸಾಂಬಾರು ನಡೆದದ್ದು

ಹೊಸದು, ಹೆಚ್ಚು ತಾಕತ್ತಿನದು ಎಂದು ಇಂಜಿನ್ ಹುಡುಕಾಟ ಶುರುವಾಯಿತು. ಹೋಟೆಲಿನ ಗಿರಾಕಿಗಳೆಲ್ಲ ಇಂಜಿನಿಯರುಗಳಾದರು. ಮಸಾಲೆ ದೋಸೆಯವರು ಡೀಸೆಲ್ ಎಂದರು, ಬರೀ ಚಹಾದವರು ಪೆಟ್ರೋಲ್ ಎಂದರು. ಧಣಿ ಡೀಸೆಲಿನ ಕಡೆ ವಾಲಿದರು. ಮಸಾಲೆ ದೋಸೆಯವರ ಮಾತಿಗೆ ಹೋಟೆಲಿನಲ್ಲಿ ತೂಕ ಹೆಚ್ಚು.

ನಾನೊಂದು ಲಾರಿಯ ಇಂಜಿನ್ ತರಿಸಿದೆ. ಪರೀಕ್ಷೆ ಎಲ್ಲಿ ಮಾಡುವುದು? ಹೋಟೆಲಿನ ಹಿಂದೆ ರುಬ್ಬುವ ಕಲ್ಲಿನ ಕಟ್ಟೆಯಿತ್ತು. ಅದರ ಮೇಲೇ ಹಗ್ಗದಿಂದ ಬಿಗಿದು ಶುರು ಮಾಡಿಸಿದೆ. ಅಡುಗೆಯ ಭಟ್ಟರು ಬೇಡ ಬೇಡ ಎಂದು ಸೌಟು ಅಲ್ಲಾಡಿಸಿದರು. ಹಲ್ಲು ಕಡಕಡ ಎನ್ನುತ್ತಿದ್ದುದರಿಂದ ಅವರ ಮಾತು ಯಾರಿಗೂ ತಿಳಿಯಲಿಲ್ಲ. ಲೋಟಗಳು ಸಾಲಾಗಿ ಕಪಾಟಿನ ಅಂಚಿಗೆ ಬಂದು ಒಂದೊಂದಾಗಿ ಕೆಳಗೆ ಹಾರಿದವು. ಗೋಡೆಯ ದೇವರ ಪಟಗಳೆಲ್ಲ ಒಂದೇ ಕಡೆಗೆ ತಲೆ ವಾಲಿಸಿದವು.

ನಮ್ಮ ಹೋಟೆಲಿನಲ್ಲಿ ಸಾಂಬಾರಿನ ಬಟ್ಟಲು ಮಾಣಿಯ ಸಹಾಯವಿಲ್ಲದೆ ಒಬ್ಬ ಗಿರಾಕಿಯ ಮುಂದಿನಿಂದ ಇನ್ನೊಬ್ಬನ ಮುಂದಕ್ಕೆ ತಾನೇ ನಡೆದುಹೋದದ್ದು ಅದೊಂದೇ ಸಲ. ಪಡೆದವನು, ಸರ್ವಿಸ್ ಸುಧಾರಿಸಿದೆ ಎಂದ.

ತೆಂಗಿನಕಾಯಿ ಪರೀಕ್ಷೆ

ಲಾರಿಯ ಇಂಜಿನ್ ವಾಪಸು ಹೋದ ಮೇಲೆ ನಾನು ಬಾಯಿಗೆ ಬಂದದ್ದು ಹೇಳಿದೆ, ಸಮುದ್ರದಲ್ಲಿ ಓಡುವ ಲಾಂಚಿನ ಇಂಜಿನ್ ಹಾಕಿಸಿ ಎಂದು. ತಮಾಷೆಗೆ ಹೇಳಿದ್ದು. ಧಣಿಯ ಮುಖ ಅರಳಿತು. ಹೊಳೆಬದಿಯಲ್ಲಿ ಹುಟ್ಟಿದವರು. “ಹೌದು ಮಾರಾಯ. ಸಮುದ್ರ ಕಂಡ ಇಂಜಿನಿಗೆ ಸೇತುವೆ ಎಂತ ಲೆಕ್ಕ?”

ಹಡಗು ಒಡೆಯುವ ದಾರುಖಾನೆಗೆ ಹೋದೆವು. ನಾನು, ಧಣಿ, ವಡಾಲದಲ್ಲಿ ಗ್ಯಾರೇಜಿಟ್ಟ ವಿಜಾಪುರದ ಮಿಸ್ತ್ರಿ. ಆ ಮಿಸ್ತ್ರಿಗೆ ತಿಳಿಯದ್ದು ಲೋಕದಲ್ಲಿ ಏನೂ ಇರಲಿಲ್ಲ. ಯಾವುದನ್ನು ಕೇಳಿದರೂ “ಅದೇನ್ ಬಿಡ್ರೀ” ಎನ್ನುತ್ತಿದ್ದ. ಗುಜರಿ ಅಂಗಡಿಯಲ್ಲಿ ಒಂದೇ ಲಾಂಚಿನಿಂದ ಬಿಚ್ಚಿದ ಎರಡು ಇಂಜಿನ್‌ಗಳು ಅವಳಿ ಮಕ್ಕಳ ಹಾಗೆ ಕೂತಿದ್ದವು.

ಧಣಿ ಇಡೀ ಜೀವಮಾನದಲ್ಲಿ ಕೊಂಡ ಒಂದು ತೆಂಗಿನಕಾಯಿಯೂ ಹಾಳು ಬಂದದ್ದಿಲ್ಲ ಎಂಬುದು ಅವರ ಹೆಮ್ಮೆ. ಅದೇ ವಿದ್ಯೆ ಇಲ್ಲಿಯೂ. ಬೆರಳ ಗೆಣ್ಣಿನಿಂದ ಒಂದಕ್ಕೆ ಬಡಿದು ಕಿವಿಯಿಟ್ಟರು. ಇನ್ನೊಂದಕ್ಕೆ ಬಡಿದು ಕಿವಿಯಿಟ್ಟರು. “ಇದು ಬಲಿತದ್ದು,” ಎಂದು ಎಡಗಡೆಯದನ್ನು ಆರಿಸಿದರು. ಮಿಸ್ತ್ರಿ ತಾನೂ ಬಡಿದು ನೋಡಿ ತಲೆಯಾಡಿಸಿದ.

ಅಂಗಡಿಯವನು ಹಿಂದಿಯಲ್ಲಿ ಹೇಳಿಯೇ ಹೇಳಿದ: ಸೇಟ್, ಇದು ಜೋಡಿ, ಒಂದು ಬಲಕ್ಕೆ ತಿರುಗುತ್ತದೆ, ಇನ್ನೊಂದು ಎಡಕ್ಕೆ, ಎರಡೂ ಇದ್ದರೆ ಲಾಂಚು ನೆಟ್ಟಗೆ ಹೋಗುತ್ತದೆ. ಧಣಿ ನನ್ನನ್ನು ಪಕ್ಕಕ್ಕೆ ಕರೆದು, “ನೋಡಿದೆಯಾ, ಎರಡೂ ದಾಟಿಸುವ ಉಪಾಯ,” ಎಂದರು. ಇಂಥ ಮೋಸಕ್ಕೆಲ್ಲ ಬೀಳುವವರು ನಾವಲ್ಲ ಎಂದು ಮೂವರೂ ಕಬ್ಬಿನ ಹಾಲು ಕುಡಿದು ಬಂದೆವು.

ಮೊದಲ ಗೇರು

ಮದುವೆಗೆ ಎರಡು ದಿನವಿರುವಾಗ ಇಂಜಿನ್ ಕೂತಿತು. ಪೂಜೆಯಾಯಿತು, ಚಕ್ರದಡಿ ಲಿಂಬೆಹಣ್ಣು ಇಟ್ಟಾಯಿತು, ಕಾರಿನೆದುರಿಗೆ ಧಣಿ ಕೈಮುಗಿದು ನಿಂತರು. ಮಿಸ್ತ್ರಿ ಮೊದಲ ಗೇರು ಹಾಕಿದ. ಕಾರು ಧಣಿಯನ್ನು ಬಿಟ್ಟು ಹಿಂದಕ್ಕೆ ಓಡಿತು. ಹಿಂದಿದ್ದ ಗೋಣಿ ರಾಶಿಗೆ ಹೊಕ್ಕು ನಿಂತಿತು.

ಎರಡನೆಯ ಗೇರಿಗೆ ಇನ್ನೂ ಜೋರಾಗಿ ಹಿಂದೆ. ಮೂರನೆಯದನ್ನು ಹಾಕಲು ನಾವು ಬಿಡಲಿಲ್ಲ. ರಿವರ್ಸ್ ಹಾಕಿದ, ಕಾರು ಮೆಲ್ಲಗೆ, ಆನೆಯ ಹಾಗೆ ಮುಂದೆ ಬಂತು. ಇಂಜಿನ್ ಉಲ್ಟಾ ತಿರುಗುವುದು. ದಾರುಖಾನೆಗೆ ಓಡಿಹೋಗಿ ವಿಚಾರಿಸಿದರೆ, ಸರಿಯಾಗಿ ತಿರುಗುವ ಅದರ ಜೋಡಿಯನ್ನು ಹಿಟ್ಟಿನ ಗಿರಣಿಯವನೊಬ್ಬ ಒಯ್ದಾಗಿತ್ತು.

ಧಣಿ ಗೋಣಿಯ ಮೇಲೆ ಕುಸಿದು ಕೂತರು. ಮಿಸ್ತ್ರಿ ಸಮಾಧಾನ ಹೇಳಿದ: “ಯಾಕ್ ಚಿಂತಿ ಮಾಡ್ತೀರಿ ಸೇಟ್ರ? ಮೊದಲ ಮುಂದ ಮೂರು, ಹಿಂದ ಒಂದ್ ಇತ್ತು. ಈಗ ಮುಂದ ಒಂದು, ಹಿಂದ ಮೂರು. ಲೆಕ್ಕದಾಗ ಒಂದ್ ಗೇರೂ ಕಡಿಮಿ ಆಗಿಲ್ಲ.”

ದಿಬ್ಬಣ

ಮದುವೆಯ ಬೆಳಿಗ್ಗೆ ಆ ಒಂದೇ ಗೇರಿನಲ್ಲಿ ವಡಾಲದಿಂದ ಹೊರಟೆವು. ಮಿಸ್ತ್ರಿಯ ಪಕ್ಕದಲ್ಲಿ ಸೋದರಮಾವ, ಹಿಂದೆ ಮದುಮಗ ಮತ್ತು ನಾನು. ಹೆಂಗಸರ ಬಸ್ಸು ಮೊದಲೇ ಹೋಗಿತ್ತು. ಧಣಿ ಚೆಂಬೂರಿನ ಮದುವೆ ಹಾಲಿನ ಬಾಗಿಲಲ್ಲಿ ಕಾಯುತ್ತಿದ್ದರು.

ಸೇತುವೆ ಬಂತು. ಸೋದರಮಾವ ಶಾಲು ಮಡಚಿ ತಳ್ಳಲು ತಯಾರಾದರು. ಕಾರು ಏರಿತು ನೋಡಿ, ಒಂದು ಕೆಮ್ಮಿಲ್ಲ, ಒಂದು ಬಿಕ್ಕಿಲ್ಲ. ಮೀಸೆ ಸ್ವಲ್ಪ ಕೆಳಗಿಳಿಯಿತು. ಆದರೆ ಈರುಳ್ಳಿ ಮೂಟೆ ಹೇರಿದ ಕೈಗಾಡಿಯವನು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಮಸ್ಕಾರ ಮಾಡಿ ಹೋದ. ಸೋದರಮಾವ ಗಡಿಯಾರ ನೋಡಿದರು. “ಮುಹೂರ್ತ ತಪ್ಪುತ್ತದೆ. ಇದು ಇನ್ನೂ ಜೋರು ಹೋಗುವುದಿಲ್ಲವೇ?”

“ಹೋಗತೈತ್ರೀ,” ಎಂದ ಮಿಸ್ತ್ರಿ. “ತಿರುಗಸ್ಬೇಕು, ಅಷ್ಟ.”

ಸೇತುವೆ ಇಳಿದು, ಅಗಲ ಜಾಗ ನೋಡಿ, ಕಾರಿನ ಮೂತಿಯನ್ನು ವಡಾಲದ ಕಡೆಗೆ ತಿರುಗಿಸಿದ. ಕತ್ತು ಹಿಂದಕ್ಕೆ ಹೊರಳಿಸಿ ಮೂರನೆಯ ಗೇರು ಹಾಕಿದ. ಸೋದರಮಾವ ತೆರೆದ ಬಾಯಿ ಚೆಂಬೂರು ಬರುವವರೆಗೆ ಮುಚ್ಚಲಿಲ್ಲ. ಮದುಮಗ ಬಾಸಿಂಗ ಹಿಡಿದುಕೊಂಡು ಕಣ್ಣು ಮುಚ್ಚಿದ.

ಹಾಲಿನೆದುರು ಬ್ಯಾಂಡಿನವರು ಚೆದುರಿ ದಾರಿ ಬಿಟ್ಟರು. ಆರತಿ ಹಿಡಿದ ಹೆಂಗಸರ ಎದುರಿಗೆ ಹಿಂಬದಿಯ ಕಿಟಕಿ ಬಂದು ನಿಂತಿತು, ಒಳಗೆ ಮದುಮಗ. ಸೋದರಮಾವ ಇಳಿದರು. “ಇದೆಂತ ಮರ್ಯಾದೆ? ನಮ್ಮ ಹುಡುಗನನ್ನು ಬೆನ್ನು ಮುಂದಾಗಿ ತಂದದ್ದು?” ವಾದ್ಯ ನಿಂತಿತು. ಧಣಿಯ ಮುಖ ಹುಳಿ ಮಜ್ಜಿಗೆಯಂತಾಯಿತು. ಒಳಗೆ ಮಂಟಪದ ಬದಿಯಿಂದ ಮಗಳು ಬಗ್ಗಿ ನೋಡುತ್ತಿದ್ದಳು.

ನನ್ನ ನಾಲಗೆಗೆ ಅಂಥ ಹೊತ್ತಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. “ಹಿರಿಯರು ನೀವೇ ಹೀಗೆ ಹೇಳಿದರೆ ಹೇಗೆ? ಮದುವೆಗೆ ಹೊರಟ ಗಂಡು ಹೆತ್ತವಳ ಮನೆಗೆ ಬೆನ್ನು ಹಾಕಬಾರದು. ಅತ್ತ ಮುಖ ಮಾಡಿಕೊಂಡೇ ಇತ್ತ ಬರಬೇಕು. ನಿಮ್ಮಲ್ಲಿ ಈ ಪದ್ಧತಿ ಬಿಟ್ಟುಬಿಟ್ಟಿದ್ದೀರಾ?”

ಮದುಮಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಗಂಡಿನ ಕಡೆಯ ಒಬ್ಬ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟು, “ಹೌದಲ್ಲ, ನನ್ನ ಮದುವೆಗೆ ಇವರು ಎತ್ತಿನ ಗಾಡಿಯಲ್ಲಿ ಹೀಗೆಯೇ ಬಂದದ್ದು,” ಎಂದರು. ಎತ್ತು ಹಿಂದೆ ಹಿಂದೆ ಹೇಗೆ ನಡೆಯಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೋದರಮಾವ ಕೆಮ್ಮಿ, ಶಾಲು ಸರಿಮಾಡಿ, “ನನಗೆ ಗೊತ್ತಿಲ್ಲದ್ದಾ? ನಿಮಗೆ ಗೊತ್ತುಂಟಾ ಅಂತ ನೋಡಿದ್ದು,” ಎಂದರು. ವಾದ್ಯ ಮೊಳಗಿತು.

ಮರುವರ್ಷ ಬೊರಿವಲಿಯಲ್ಲಿ ಅವರದೇ ಮಗನ ಮದುವೆ. ಹೊಚ್ಚ ಹೊಸ ಕಾರು, ಮುಂದಕ್ಕೆ ಎಷ್ಟು ಬೇಕಾದರೂ ಗೇರು. ಅದು ಮನೆಯಿಂದ ಹಾಲಿನವರೆಗೂ ಹಿಂದೆ ಹಿಂದೆ ಬಂತು, ಜೊತೆಗೆ ದಿಬ್ಬಣದವರ ನಾಲ್ಕು ಟ್ಯಾಕ್ಸಿಗಳೂ ಹಿಂದೆ ಹಿಂದೆ. ಡ್ರೈವರು ಒಮ್ಮೆ ಕತ್ತು ನೋವೆಂದು ಕಾರು ತಿರುಗಿಸಹೋದ. ಸೋದರಮಾವ ಟ್ಯಾಕ್ಸಿಯ ಕಿಟಕಿಯಿಂದ ತಲೆ ಹೊರಹಾಕಿ ಗದರಿದ್ದನ್ನು ನಾನೇ ಕೇಳಿದ್ದೇನೆ: “ಮದುವೆಯ ಗಾಡಿ ಹೇಗೆ ಓಡಿಸುವುದೆಂದೇ ಗೊತ್ತಿಲ್ಲ, ನಿನಗೆ ಲೈಸೆನ್ಸ್ ಯಾರು ಕೊಟ್ಟದ್ದು?”

ನಂಬುವುದಿಲ್ಲವಾ? ಧಣಿ ಅಲ್ಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಾರೆ, ಅವರನ್ನೇ ಕೇಳಿ. ಹೇಗೂ ಅತ್ತ ಹೋಗುತ್ತೀರಲ್ಲ, ನನ್ನ ಚಹಾದ್ದೂ ಕೊಟ್ಟುಬಿಡಿ.