ಬನ್ನೂರತ್ತೆಯ ಹಾಜರಿ

ನಮ್ಮ ಬನ್ನೂರತ್ತೆಯಷ್ಟು ಕ್ಲಾಸುಗಳಿಗೆ ಸೇರಿದವರು ಟಿ. ನರಸೀಪುರ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಅಷ್ಟೂ ಕ್ಲಾಸುಗಳಿಂದ ಏನೂ ಕಲಿಯದೆ ವಾಪಸು ಬಂದವರಂತೂ ಇಲ್ಲವೇ ಇಲ್ಲ!

ಬನ್ನೂರತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ಬನ್ನೂರಿನಿಂದ ಮೂಗೂರಿನ ನಮ್ಮ ಮನೆಗೇ ಬಂದುಬಿಟ್ಟಳು. ವಯಸ್ಸು ಅರವತ್ತು ದಾಟಿದೆ, ಕಿವಿಗೆ ಮಾತ್ರ ಹದಿನಾರು. ಬಸ್ಸು ಇನ್ನೂ ಊರ ಮುಂದಿನ ತಿರುವಿನಲ್ಲಿರುವಾಗಲೇ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ, "ಬಸ್ ಬತ್ತಾದೆ ಕಣ್ಲಾ" ಎನ್ನುತ್ತಾಳೆ. ನರಸೀಪುರದಲ್ಲಿ ಯಾವ ವಯಸ್ಸಿನವರಾದರೂ ಸೇರಬಹುದಾದ ಕ್ಲಾಸುಗಳು ಶುರುವಾದ ಸುದ್ದಿ ಮೊದಲು ಬಿದ್ದದ್ದೂ ಆ ಕಿವಿಗೇ.

ಮೊದಲು ಹೊಲಿಗೆ ಕ್ಲಾಸು. ಪಿಯುಸಿ ಫೇಲಾದ ಹುಡುಗಿಯರು, ರಿಟೈರಾದ ಒಬ್ಬ ಕಂಡಕ್ಟರು, ನಡುವೆ ನಮ್ಮತ್ತೆ. ಅವಳನ್ನು ಬಿಡಲು ಹೋದ ನಾನು ಬಾಗಿಲಲ್ಲೇ ನಿಂತಿದ್ದೆ. ಟೀಚರು ರಿಜಿಸ್ಟರು ಚಾಚಿದರೆ ಅತ್ತೆ ಪೆನ್ನು ಮುಟ್ಟಲಿಲ್ಲ.

"ಸೈನ್ ಆಕ್ಬುಟ್ರೆ ಬಂದಂಗಾ ಟೀಚರೇ? ಆಜ್ರಿ ಕೂಗಿ."

ಟೀಚರು ನಗುತ್ತಾ ಕೂಗಿದರು. "ಲೀಲಾವತಿ."

ಅದ್ಯಾರಪ್ಪ ಲೀಲಾವತಿ ಎಂದು ನಾನು ಹುಡುಗಿಯರ ಕಡೆ ನೋಡಿದೆ. ಎದ್ದು ನಿಂತವಳು ನಮ್ಮತ್ತೆ! "ಆಜರ್" ಎಂದ ಜೋರಿಗೆ ಕಂಡಕ್ಟರ ಕೈಯಿಂದ ಕತ್ತರಿ ಜಾರಿ ಬಿತ್ತು.

ಕೋರ್ಸು ಮುಗಿಯುವಾಗ ಅಮ್ಮನಿಗೊಂದು ರವಿಕೆ ಹೊಲಿದು ತಂದಳು. ಎರಡೂ ತೋಳು ಎಡಗೈಯವೇ. ಅಮ್ಮ ತೊಟ್ಟುಕೊಂಡು ಒದ್ದಾಡುತ್ತಿದ್ದರೆ, "ಎಡಗೈಗೆ ಸರ್ಯಾಗದಲ್ವಾ, ಬುಡು" ಎಂದು ಸಮಾಧಾನ ಬೇರೆ.

ಆಮೇಲೆ ಕಂಪ್ಯೂಟರು. ಅಲ್ಲಿ ಹಾಜರಿಗೆ ಹೆಬ್ಬೆಟ್ಟಿನ ಮಿಷನ್ನು. ಬೆರಳಿಟ್ಟರೆ "ಥ್ಯಾಂಕ್ ಯೂ" ಎನ್ನುತ್ತದೆ. "ಎಲ್ರುಗೂ ಅದ್ನೇ ಏಳ್ತದೆ. ನಾನ್ಯಾರು ಅಂತ ಅದ್ಕೇನ್ ಗೊತ್ತು?" ಎಂದು ಜಗಳವಾಡಿ ವಾರದಲ್ಲೇ ಬಿಟ್ಟಳು. ಮುಂದಿನದು ನಂಜನಗೂಡಿನ ಇಂಗ್ಲಿಷ್ ಕ್ಲಾಸು, ಎರಡು ಬಸ್ಸು ಹತ್ತಿ. ನಿಮಗೆ ಇಷ್ಟವಾದ ತಿಂಡಿ ಯಾವುದು ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರೂ ಎದ್ದು ನಿಂತು, "ಪ್ರೆಸೆಂಟ್ ಸಾ" ಎನ್ನುತ್ತಿದ್ದಳಂತೆ.

ಒಂದು ದಿನ ಅವಳ ಜೊತೆ ಹೋದವನು ವಾಪಸು ಬರುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಅಲ್ಲತ್ತೆ, ಬರೀ ಆಜ್ರಿ ಕೂಗುಸ್ಕಳಕೆ ಇಷ್ಟು ದೂರ ಬರ್ಬೇಕಾ?"

ಅತ್ತೆ ಕಿಟಕಿಯ ಆಚೆ ಗದ್ದೆಗಳನ್ನೇ ನೋಡುತ್ತಿದ್ದಳು. "ನಿಮ್ಮಪ್ಪನ್ ಎತ್ಕಳಕೆ ಅಂತ ನಾಕ್ನೇ ಕ್ಲಾಸ್‌ಗೇ ಸ್ಕೂಲ್ ಬುಡುಸುದ್ರು. ಬನ್ನೂರ್ಗೆ ಕೊಟ್ರು, ಅಲ್ಲೆಲ್ಲ ಮೂಗೂರೋಳು ಅಂದ್ರು. ನಿಮ್ಮಾವ ಸಾಯೋಗಂಟ ಇವ್ಳೇ ಅಂತಿದ್ರು. ತಿರ್ಗಿ ಇಲ್ಲಿಗ್ ಬಂದ್ರೆ ಬನ್ನೂರತ್ತೆ ಆದೆ. ನಂಗೆ ಎರಡೂರು ಅದೆ ಕಣ್ಲಾ, ಎಸ್ರೇ ಇಲ್ಲ." ಕಿಟಕಿಯ ಕಂಬಿ ಹಿಡಿದುಕೊಂಡು, "ನಮ್ಮವ್ವ ಕೊಟ್ಟಿಗೆ ತಾವಿಂದ ಲೀಲಾ ಅಂತ ಕೂಗೋಳು" ಎಂದಳು.

ಈ ವರ್ಷ ಕ್ಲಾಸುಗಳೆಲ್ಲ ಮೊಬೈಲಿಗೇ ಬಂದುಬಿಟ್ಟವು. ಮೊದಲ ದಿನ ಅತ್ತೆ ಇಸ್ತ್ರಿ ಸೀರೆಯುಟ್ಟು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಫೋನಿನ ಮುಂದೆ ಕೂತಳು. ಮೇಷ್ಟ್ರು ನೇರವಾಗಿ ಪಾಠಕ್ಕೇ ಇಳಿದರು. ಅತ್ತೆ ಕಾದಳು. ಕೊನೆಗೆ ಫೋನನ್ನು ಸೆರಗಿನಿಂದ ಒರೆಸುತ್ತಾ, "ಇದು ಆಜ್ರಿ ಕೂಗಾಕಿಲ್ಲ ಅಂತ ಕಾಣ್ತದೆ" ಎಂದಳು.

ನಾನು ಅವಳ ಹಿಂದೆ ಬಾಗಿಲಲ್ಲಿದ್ದೆ. ಹಿರಿಯರ ಹೆಸರು ಹಿಡಿದು ಕೂಗಿದರೆ ನಮ್ಮ ಕಡೆ ಕೆನ್ನೆಗೆ ಬೀಳುತ್ತದೆ. ಅಪ್ಪನಿಗೂ ಅವಳು ಬರೀ ಅಕ್ಕ. ಆದರೂ ಕಣ್ಣು ಮುಚ್ಚಿಕೊಂಡು ಕೂಗಿಬಿಟ್ಟೆ.

"ಲೀಲಾವತಿ."

ಒರೆಸುತ್ತಿದ್ದ ಕೈ ನಿಂತಿತು. ತಿರುವಿನಲ್ಲಿರುವ ಬಸ್ಸಿನ ಸದ್ದು ಹಿತ್ತಲಿನಿಂದ ಕೇಳುವವಳು ತಿರುಗಿ ಕೂಡ ನೋಡಲಿಲ್ಲ.

"ಕೇಳುಸ್ನಿಲ್ಲ ಕಣ್ಲಾ" ಎಂದಳು. "ಇನ್ನೊಂದ್ಸತಿ ಕೂಗು."